ತಪ್ಪಿಲ್ಲ ಎಂಬ ಉತ್ತರ

ತುಂಗಭದ್ರೆಯ ದಡದ ಆ ಪುಟ್ಟ ಆಶ್ರಮದಲ್ಲಿ ಮಂತ್ರಕ್ಕಿಂತ ಇಂಗ್ಲಿಷೇ ಹೆಚ್ಚು ಕೇಳಿಸುತ್ತಿತ್ತು. ಗುರು ಚನ್ನವೀರಯ್ಯನವರು ಹಿಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕಾವಿ ಉಟ್ಟ ಮೇಲೂ ಪಾಠ ಬಿಟ್ಟಿರಲಿಲ್ಲ, ಪುಣ್ಯಾತ್ಮರು.

ಒಂದು ಬೆಳಿಗ್ಗೆ ಶಿಷ್ಯೆ ಹಾಲಮ್ಮ ಅಳುಮೋರೆ ಹಾಕಿಕೊಂಡು ಬಂದಳು.

“ಗುರುಗಳೇ, ಟೀಚರ್ ಕೆಲಸದ ಪರೀಕ್ಷೆ ಎರಡು ಸಲ ಕೈಕೊಡ್ತು. ನಾಳೆ ಮೂರನೇದು. ಇದೂ ಹೋದರೆ ನನಗೆ ವಯಸ್ಸು ಮೀರುತ್ತೆ. ಆಮೇಲೆ ಪರೀಕ್ಷೆಗೆ ಕೂರಿಸೋದೇ ಇಲ್ಲ.”

“ಎಲ್ಲಿ ಜಾರುತ್ತೀ?”

“ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕೋದರಲ್ಲಿ.”

ಅವಳು ಬಿಡಿಸಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗುರುಗಳು ತಿರುವಿ ನೋಡಿದರು. ಪ್ರತಿ ವಾಕ್ಯಕ್ಕೂ ನಾಲ್ಕು ಉತ್ತರ. ಮೂರು ಆ ವಾಕ್ಯದ್ದೇ ತುಂಡುಗಳು. ನಾಲ್ಕನೆಯದು ‘ತಪ್ಪಿಲ್ಲ’.

“ಅಲ್ಲವೇ ತಾಯಿ, ನೂರು ವಾಕ್ಯದಲ್ಲಿ ಒಂದಕ್ಕಾದರೂ ‘ತಪ್ಪಿಲ್ಲ’ ಅಂತ ಗುರುತು ಹಾಕಿಲ್ಲವಲ್ಲ!”

“ಹೇಗೆ ಹಾಕಲಿ? ತಪ್ಪು ಇದ್ದೂ ನನಗೇ ಕಾಣದಿದ್ದರೆ?”

“ಸರಿ ಬಿಡು. ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರಿ.”

ಹಾಲಮ್ಮ ಮೆಟ್ಟಿಲ ಮೇಲೆ ಕೂತು ಬರೆದು ತಂದಳು. ಗುರುಗಳು ಓದಿದರು. “ಭೇಷ್!” ಎಂದು ಹಾಳೆಯನ್ನು ಹಾಗೇ ವಾಪಸು ಕೊಟ್ಟರು.

“ಒಂದೂ ತಪ್ಪಿಲ್ಲವಾ? ಪೂರ್ತಿ ಓದಿದಿರಾ?”

“ನಂಬಿಕೆ ಇಲ್ಲದಿದ್ದರೆ ನೀನೇ ನೋಡು.”

ಅವಳು ನೋಡಿದಳು. ಅರ್ಧ ಗಂಟೆಯಲ್ಲಿ ಆರು ವಾಕ್ಯ ಹೊಡೆದು, ತಿದ್ದಿ ತಂದಳು.

“ಹತ್ತೂ ಸರಿ ಇದ್ದವು. ಈಗ ಆರು ಕೆಟ್ಟವು,” ಎಂದರು ಗುರುಗಳು.

ಹಾಲಮ್ಮನ ಕಣ್ಣು ತುಂಬಿತು. ತನ್ನ ಕೈಯ ಮೇಲೇ ಅವಳಿಗೆ ಸಿಟ್ಟು ಬಂತು.

“ನೀನು ಮಾಡಿದ್ದು ಸರಿ ಇದೆ ಅಂತ ಮನೆಯಲ್ಲಿ ಯಾರಾದರೂ ಅಂದಿದ್ದಾರಾ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ರೊಟ್ಟಿ ತಟ್ಟಿದರೆ ದಪ್ಪ ಅಂತಾರೆ. ರಂಗೋಲಿ ಹಾಕಿದರೆ ಸೊಟ್ಟ ಅಂತಾರೆ. ಸರಿಯಾಗಿದ್ದ ದಿನ ಸುಮ್ಮನಿರ್ತಾರೆ.”

ಗುರುಗಳು ಹತ್ತನೆಯ ವಾಕ್ಯದ ಮೇಲೆ ಬೆರಳಿಟ್ಟರು. ‘ನಾನು ಟೀಚರ್ ಆಗುತ್ತೇನೆ’ ಎಂದು ಮೊದಲು ಬರೆದಿದ್ದಳು. ಅದನ್ನು ಹೊಡೆದು ‘ಆದರೂ ಆಗಬಹುದು’ ಎಂದು ಮಾಡಿದ್ದಳು.

“ಇದರಲ್ಲಿ ಏನು ತಪ್ಪು ಕಂಡಿತು?”

“ಜಂಬ ಕಂಡಿತು ಗುರುಗಳೇ.”

“ಆಗಬೇಕು ಅಂತ ಆಸೆ ಇದೆಯೋ ಇಲ್ಲವೋ?”

“ಅಯ್ಯೋ, ಜೀವ ಹೋಗೋವಷ್ಟು ಇದೆ!”

“ಓದಿದ್ದೀಯೋ ಇಲ್ಲವೋ?”

“ಓದಿದ್ದೀನಿ.”

ಗುರುಗಳು ಪೆನ್ನು ಕೊಟ್ಟರು. ಹಾಲಮ್ಮ ಮೊದಲಿನ ವಾಕ್ಯವನ್ನೇ ಮತ್ತೆ ಬರೆದಳು. ಹೊಡೆಯಲು ಕೈ ಹೋಯಿತು. ತಡೆದಳು. ಪೆನ್ನನ್ನು ಕೆಳಗಿಟ್ಟಳು.

“ಸರಿ ಇದೆ ಗುರುಗಳೇ,” ಎಂದಳು, ಮೆಲ್ಲಗೆ.

“ಹಾಗಾದರೆ ಬಿಟ್ಟುಬಿಡು ತಾಯಿ. ತಿದ್ದೋಕೆ ಹೋಗಿ ಅದನ್ನು ಸುಳ್ಳು ಮಾಡಬೇಡ.”