ಪುಟ್ಟ ನಕ್ಷತ್ರಕ್ಕೆ ಒಂದು ಕೈ ಉದ್ದ, ಒಂದು ಕೈ ಗಿಡ್ಡ ಯಾಕೆ?

ಸಮುದ್ರಕ್ಕೆ ಸುರಿದ ಉಪ್ಪು ಇನ್ನೂ ಸರಿಯಾಗಿ ಕರಗಿರಲಿಲ್ಲ, ಲೋಕ ಇನ್ನೂ ಅಷ್ಟು ಹೊಸದಾಗಿದ್ದ ಕಾಲದ ಮಾತು ಇದು. ಮೊದಲು ಆ ಗಾಜಿನಿಂದ ಕೈ ತೆಗಿ ಇಂಚರಾ, ಆಮೇಲೆ ಹೇಳ್ತೇನೆ. ಬಾ, ಅಜ್ಜಿ ಪಕ್ಕ ಕೂತ್ಕೋ.

ಕೂಗಿದರೆ ಕೇಳುವಷ್ಟು ಹತ್ತಿರ ಸಮುದ್ರ ಇದೆ. ಆದರೂ ನಿನ್ನಪ್ಪನಿಗೆ ಗಾಜಿನ ತೊಟ್ಟಿಯಲ್ಲಿ ಇನ್ನೊಂದು ಸಮುದ್ರ ಬೇಕು. ಹವಳ ಇಡಲಿಕ್ಕೆ ಅಂತ ಕಲ್ಲು ತಂದ. ಆ ಕಲ್ಲಿನ ಬಿರುಕಿನಲ್ಲಿ ಕೂತು, ಟಿಕೆಟ್ಟೇ ಇಲ್ಲದೆ, ಬೇಳೆಕಾಳಿನಷ್ಟೇ ದೊಡ್ಡ ಈ ನಕ್ಷತ್ರಮೀನುಗಳೂ ಬಂದವು. ನಿನ್ನೆ ನೀನು ಎಣಿಸಿದಾಗ ಒಂದಕ್ಕೆ ಐದು ಕೈ ಇತ್ತು. ಇವತ್ತು ಮೂರೇ. ತೊಟ್ಟಿಯಲ್ಲಿ ಏನೋ ಇದೆ, ಅದು ಎಲ್ಲರನ್ನೂ ತಿನ್ನುತ್ತದೆ ಅಂತ ಹೆದರಿ ನೀನು ಬೆಳಗಿನಿಂದ ದೋಸೆ ಮುಟ್ಟಿಲ್ಲ. ಹೆದರಿಕೆ ನಿನಗೊಬ್ಬಳಿಗೇ ಅಲ್ಲ ಮಗಾ. ಆ ನಕ್ಷತ್ರಕ್ಕೂ ಇದೆ, ನಿನಗಿಂತ ಹಳೇ ಹೆದರಿಕೆ.

ಆ ಕಾಲದಲ್ಲಿ ಎಲ್ಲ ನಕ್ಷತ್ರಗಳಿಗೂ ಐದು ಕೈ, ಐದೂ ಒಂದೇ ಸಮ. ಅವುಗಳಲ್ಲಿ ತೀರಾ ಚಿಕ್ಕದೊಂದು ಕಲ್ಲಿನ ಸಂದಿಯಲ್ಲಿ ಇತ್ತು. ಕಲ್ಲಿನ ಪಾಚಿ ನೆಕ್ಕಿಕೊಂಡು, ಯಾರ ಗೋಜಿಗೂ ಹೋಗದೆ ಇತ್ತು.

ಅದೇ ನೀರಿನಲ್ಲಿ ಸಿಗಡಿ ಗಂಡಹೆಂಡತಿ ಇದ್ದರು. ಬಿಳಿ ಮೈ, ಮೈತುಂಬಾ ನೇರಳೆ ಚುಕ್ಕಿ, ಸೌಟಿನ ಹಾಗೆ ಚಪ್ಪಟೆ ಕೈ. ನೋಡಿದರೆ ಮದುವೆಗೆ ಹೊರಟವರು ಅನ್ನಬೇಕು. ಅವರು ಬೇರೇನೂ ತಿನ್ನುತ್ತಿರಲಿಲ್ಲ, ನಕ್ಷತ್ರ ಮಾತ್ರ. ಓಡುತ್ತಲೂ ಇರಲಿಲ್ಲ. ಯಾಕೆ ಓಡಬೇಕು? ನಕ್ಷತ್ರಕ್ಕೆ ಓಡಲಿಕ್ಕೆ ಬರುವುದಿಲ್ಲ. ಮೆಲ್ಲಗೆ ಬಂದು, ಅಂಗಾತ ಮಗುಚಿ ಹಾಕಿ, ಕೈಯ ತುದಿಯಿಂದ ಶುರು ಮಾಡುತ್ತಿದ್ದರು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಅಷ್ಟೂ ದಿನ ನಕ್ಷತ್ರಕ್ಕೆ ಜೀವ ಇರುತ್ತಿತ್ತು.

ಕಣ್ಣು ಮುಚ್ಚಬೇಡ. ಮುಚ್ಚಿದರೆ ಇನ್ನೂ ಹೆಚ್ಚು ಕಾಣ್ತದೆ.

ಮೊದಲು ಆಚೆ ಕಲ್ಲಿನ ನಕ್ಷತ್ರ ಹೋಯಿತು. ಆಮೇಲೆ ಈಚೆ ಕಲ್ಲಿನದು. ನಮ್ಮ ಪುಟ್ಟ ನಕ್ಷತ್ರ ಹೆದರಿ ನೀರನ್ನು ಕೂಗಿತು.

"ನೀರಣ್ಣಾ, ನೀರಣ್ಣಾ, ನನ್ನನ್ನು ದೂರ ಕರಕೊಂಡು ಹೋಗ್ತೀಯಾ?"

"ಹೋಗ್ತೇನೆ. ಆದರೆ ಇಳಿತದಲ್ಲಿ ಇಳಿದವನು ಭರತದಲ್ಲಿ ಮತ್ತೆ ಏರಲೇಬೇಕಲ್ಲ. ಕೊಂಡುಹೋದದ್ದನ್ನು ವಾಪಸ್ ತಂದು ಇಲ್ಲೇ ಬಿಡ್ತೇನೆ" ಅಂದಿತು ನೀರು.

ಪಕ್ಕದಲ್ಲಿ ಇನ್ನೊಂದು ಜಾತಿಯ ನಕ್ಷತ್ರ ಇತ್ತು. ದಾರದಂಥ ಕೈ, ಹಾವಿನ ಹಾಗೆ ಬಳುಕಿಸಿ ಸರಸರ ಹೋಗುವಂಥದ್ದು. ನಮ್ಮ ತೊಟ್ಟಿಯಲ್ಲೂ ಕಲ್ಲಿನಡಿಯಿಂದ ಕೈ ಮಾತ್ರ ಚಾಚಿಕೊಂಡು ಕೂತಿರ್ತದಲ್ಲ, ಅದೇ.

"ಅಕ್ಕಾ, ಅಕ್ಕಾ, ಅವರು ಬಂದರೆ ನೀನೇನು ಮಾಡ್ತೀ?"

"ಹಿಡಿದ ಕೈ ಅವರಿಗೇ ಬಿಟ್ಟು ಓಡ್ತೇನೆ. ನೀನು ಓಡ್ತೀಯಾ?"

"ಇಲ್ಲ."

"ಹಾಗಾದರೆ ನನಗೆ ಗೊತ್ತಿಲ್ಲ ತಂಗೀ" ಅಂತ ಅದು ಒಳಗೆ ಸರಿಯಿತು.

"ಕಲ್ಲಪ್ಪಾ, ಕಲ್ಲಪ್ಪಾ, ನೀನಾದರೂ?"

"ಬಾ ಮಗಾ, ಒಳಗೆ ಕೂತ್ಕೋ. ಬಾಗಿಲು ಹಾಕಲಿಕ್ಕೆ ಮಾತ್ರ ನನಗೆ ಬರುವುದಿಲ್ಲ" ಅಂದಿತು ಕಲ್ಲು.

ಅವತ್ತೇ ಅವರು ಬಂದರು. ಟಕ್, ಟಕ್, ಟಕ್. ಕಲ್ಲಿನ ಮೇಲೆ ಕಾಲಿನ ಸಪ್ಪಳ.

"ಇದ್ದೀಯಾ?" ಅಂತ ಹೆಂಡತಿ ಮೆತ್ತಗೆ ಕೇಳಿದಳು.

ನಕ್ಷತ್ರ ಇನ್ನಷ್ಟು ಒಳಗೆ ಸರಿಯಿತು.

"ಇದೆ, ಇದೆ. ವಾಸನೆ ಬರ್ತಾ ಇದೆ" ಅಂದ ಗಂಡ.

ಸೌಟಿನಂಥ ಕೈ ಸಂದಿಯೊಳಗೆ ಬಂತು. ನಕ್ಷತ್ರದ ಎರಡು ಕೈ ಅವರಿಗೆ ಸಿಕ್ಕಿಬಿಟ್ಟಿತು. ಉಳಿದ ಮೂರರಲ್ಲಿ ಅದು ಕಲ್ಲನ್ನು ಭದ್ರವಾಗಿ ಹಿಡಿಯಿತು. ಅವರು ಎಳೆದರು, ಅದು ಬಿಡಲಿಲ್ಲ. ಮತ್ತೆ ಎಳೆದರು, ಮತ್ತೆ ಬಿಡಲಿಲ್ಲ. ಆಗ ಹೊರಗಿದ್ದ ಕೈಯ ತುದಿಗೆ ಸಿಗಡಿಯ ಬಾಯಿ ತಾಗಿತು. ಅಷ್ಟು ಹೆದರಿಕೆ ಅದಕ್ಕೆ ಯಾವತ್ತೂ ಆಗಿರಲಿಲ್ಲ. ಆ ಹೆದರಿಕೆಗೆ ಅದು ತನ್ನ ಮೈಯನ್ನು ತಾನೇ ನಡುವಿನಲ್ಲಿ ಹರಿದುಕೊಂಡಿತು.

ಎಳೆಯುತ್ತಿದ್ದ ಇಬ್ಬರೂ ಹಿಂದಕ್ಕೆ ಉರುಳಿಬಿದ್ದರು. ಕೈಯಲ್ಲಿದ್ದ ಚೂರು ಜಾರಿತು. ಇಳಿಯುತ್ತಿದ್ದ ನೀರು ಅದನ್ನು ಎತ್ತಿಕೊಂಡು ಹೋಯಿತು.

ಸಂದಿಯಲ್ಲಿ ಉಳಿದದ್ದು ಮೂರು ಕೈಯ ಅರ್ಧ. "ನನ್ನ ಇನ್ನರ್ಧವನ್ನು ಅವರು ತಿಂದರು" ಅಂತ ಅದು ಅತ್ತಿತು. ದೂರದ ಕಲ್ಲಿನ ಮೇಲೆ ಎರಡು ಕೈಯ ಅರ್ಧವೂ ಹಾಗೇ ಅತ್ತಿತು. ಅಳುತ್ತಾ ಅಳುತ್ತಾ ದಿನ ಕಳೆಯಿತು. ಇದರ ಹರಿದ ಅಂಚಿನಲ್ಲಿ ಎರಡು ಮೊಳಕೆ ಬಂತು, ಅದಕ್ಕೆ ಮೂರು. ಪುಟ್ಟ ಪುಟ್ಟ ಕೈಗಳು.

ನೀರು ಹೇಳಿದ ಮಾತು ತಪ್ಪುತ್ತದಾ? ಒಂದು ದಿನ ಏರುತ್ತಾ ಏರುತ್ತಾ, ಕೊಂಡುಹೋದದ್ದನ್ನು ತಂದು ಅದೇ ಕಲ್ಲಿನ ಮೇಲೆ ಬಿಟ್ಟಿತು.

"ನೀನು ಯಾರು?" ಅಂತ ಇದು ಕೇಳಿತು.

"ನೀನು ಯಾರು?" ಅಂತ ಅದೂ ಕೇಳಿತು.

ಒಂದರ ಕೈ ಒಂದು ಎಣಿಸಿದವು. ಇದಕ್ಕೆ ಉದ್ದ ಕೈ ಮೂರು, ಅದಕ್ಕೆ ಉದ್ದ ಕೈ ಎರಡು. ಸೇರಿಸಿದರೆ ಐದು. ಆಗ ಎರಡಕ್ಕೂ ಗುರುತು ಸಿಕ್ಕಿತು.

"ಅವರು ಮತ್ತೆ ಬಂದರೆ?" ಅಂದಿತು ಒಂದು.

"ಬರುವವರೆಗೆ ಕಾಯುವುದು ಬೇಡ. ಹೆದರಿಕೆ ಆದ ಕೂಡಲೇ ಎರಡಾಗಿಬಿಡೋಣ. ಎಲ್ಲೋ ಒಂದಾದರೂ ಉಳಿಯಲಿ" ಅಂದಿತು ಇನ್ನೊಂದು.

ನೋವಾಗೋದಿಲ್ವಾ ಅಂತ ಕೇಳ್ತೀಯಾ? ಆಗ್ತದೆ ಮಗಾ, ಯಾಕಾಗೋದಿಲ್ಲ. ಆದರೂ ಮಾಡ್ತವೆ.

ಈಗ ಏಳು. ಆ ಮೂಲೆಯಲ್ಲಿ, ಪಂಪಿನ ಪಕ್ಕ, ಗಾಜಿನ ಮೇಲೆ ನೋಡು. ಕಂಡಿತಾ? ಎರಡೇ ಕೈಯದ್ದು. ನಿನ್ನ ಮೂರಕ್ಕೆ ಅದನ್ನು ಸೇರಿಸಿ ಎಣಿಸು. ಐದಾಯಿತಲ್ಲ? ಯಾರೂ ಯಾರನ್ನೂ ತಿಂದಿಲ್ಲ. ಹೋಗು, ದೋಸೆ ಆರಿ ಹೋಯಿತು.

ನಮ್ಮ ತೊಟ್ಟಿಯಲ್ಲಿ ಚುಕ್ಕಿ ಸಿಗಡಿ ಇಲ್ಲ ಅಂತ ನಿನಗೆ ಹೇಳಲಿಕ್ಕೆ ನಾನಿದ್ದೇನೆ. ಆ ನಕ್ಷತ್ರಕ್ಕೆ ಹೇಳುವವರು ಯಾರೂ ಇಲ್ಲ. ಅದಕ್ಕೇ ಇವತ್ತಿಗೂ ಪಂಪು ಟಕ್ ಟಕ್ ಅಂದರೆ ಸಾಕು, ಅವರೇ ಬಂದರು ಅಂತ ಅದು ಎರಡಾಗ್ತದೆ. ಅದಕ್ಕೇ ಗಾಜಿನ ಮೇಲೆ ನೀನು ಕಾಣುವ ಪುಟ್ಟ ನಕ್ಷತ್ರಕ್ಕೆ ಒಂದು ಕಡೆ ಉದ್ದ ಕೈ, ಇನ್ನೊಂದು ಕಡೆ ಗಿಡ್ಡ ಕೈ.