ಅಜ್ಜಿಯ ಹೆಸರು ಕೇಳಿದ ಅರಬ್ಬೀ ಕುದುರೆ

“ಈ ಕುದುರೆಗೆ ಹದಿನಾಲ್ಕು ತಲೆಮಾರಿನ ವಂಶಾವಳಿ ಇದೆ, ಗೊತ್ತೇನ್ರಯ್ಯಾ!” ಎಂದು ಹುಲಿಗುಡ್ಡದ ದೊರೆ ಕೆಂಚವೀರ ನಾಯಕ ಆ ದಿನ ಏಳನೆಯ ಸಲ ಹೇಳಿದ. ಆಸ್ಥಾನ ಏಳನೆಯ ಸಲ ಬೆರಗಾಯಿತು.

ಕುದುರೆಯೇನೋ ಬೆರಗಾಗುವಂಥದ್ದೇ. ಭಟ್ಕಳದ ರೇವಿನಲ್ಲಿ ಇಳಿದ ಅರಬ್ಬೀ ಹೆಣ್ಣು ಕುದುರೆ. ಚಿಕ್ಕ ಮೂತಿ, ಅಗಲ ಹೊಳ್ಳೆ, ಓಡುವಾಗ ಬಾವುಟದ ಹಾಗೆ ಮೇಲೇಳುವ ಬಾಲ. ಬೆಳಗಿನಿಂದ ಸಂಜೆಯವರೆಗೆ ಓಡಿದರೂ ಏದುಸಿರಿಲ್ಲ. ಇದರ ಮರಿಗಳಿಂದಲೇ ಲಾಯ ತುಂಬಬೇಕೆಂದು ದೊರೆಯ ಆಸೆ. ಮಾರಿದ ಅರಬ್ಬೀ ವರ್ತಕ ಅದರ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹದಿನಾಲ್ಕು ಹೆಸರನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದ. ಅರಬ್ಬರಲ್ಲಿ ಕುದುರೆಯ ವಂಶಕ್ಕೆ ತಾಯಿಯ ಕಡೆಯಿಂದಲೇ ಲೆಕ್ಕವಂತೆ.

ಅದು ದೊರೆಯ ತಲೆಗೇರಿತು. “ಇಂಥ ಕುಲೀನ ಪ್ರಾಣಿಯನ್ನು ಕಂಡಕಂಡವರು ಮುಟ್ಟುವುದೇ? ಮಹಾನವಮಿಯ ಪೂಜೆ ಮುಗಿದ ಗಳಿಗೆಯಿಂದ, ತನ್ನ ಏಳು ತಲೆಮಾರಿನ ಹೆಸರು ಹೇಳಬಲ್ಲವನು ಮಾತ್ರ ಇದನ್ನು ಮುಟ್ಟಬೇಕು!”

ಪೆಟ್ಟು ಬಿದ್ದದ್ದು ಲಾಯದ ದ್ಯಾವಣ್ಣನಿಗೆ. ಪಾಪ, ಅವನು ಹಸುಗೂಸಾಗಿದ್ದಾಗ ಅರಮನೆಯ ಹುಲ್ಲಿನ ಬಣವೆಯ ಪಕ್ಕ ಸಿಕ್ಕಿದವನು. ಅಪ್ಪನ ಹೆಸರೇ ಗೊತ್ತಿಲ್ಲ. ಆ ಕುದುರೆಯೋ, ಅವನ ಕೈಯಿಂದಲ್ಲದೆ ಹುರುಳಿ ಮುಟ್ಟುತ್ತಿರಲಿಲ್ಲ. ನವಮಿಗೆ ಜೀನು ಕಟ್ಟಿಕೊಟ್ಟು ಊರು ಬಿಡು ಎಂದರು ಅವನಿಗೆ.

ಅವನು ಆಸ್ಥಾನದ ಮಾತುಗಾರ ಸೂರಪ್ಪಯ್ಯನ ಮುಂದೆ ಅತ್ತ. “ಈ ಲಾಯ ಬಿಟ್ಟರೆ ನನಗೆ ಯಾರಿದ್ದಾರೆ ಸ್ವಾಮಿ?”

“ಅಳಬೇಡ ಮಾರಾಯ. ಹೋಗಿ ಹುರುಳಿ ನೆನೆಹಾಕು” ಎಂದು ಸೂರಪ್ಪಯ್ಯ ನೇರ ದೊರೆಯ ಬಳಿಗೆ ನಡೆದ.

“ಪ್ರಭು, ಒಳ್ಳೆಯ ನಿಯಮ. ಡಂಗುರ ಹೊಡೆಸಿ. ಆದರೆ ಯಾರಿಗೂ ರಿಯಾಯಿತಿ ಬೇಡ.”

“ಯಾರಿಗೂ ಇಲ್ಲ! ನಿನ್ನ ಏಳು ತಲೆಮಾರು ಗೊತ್ತೇನೋ?”

“ಅಪ್ಪನವರೆಗೆ ಗೊತ್ತು ಪ್ರಭು. ಅದೂ ಅಮ್ಮ ಹೇಳಿದ್ದರಿಂದ.”

ಡಂಗುರ ಹೊಡೆದದ್ದಾಯಿತು. ನವಮಿಯ ಪೂಜೆಯೂ ಮುಗಿಯಿತು. ಮೆರವಣಿಗೆಗೆಂದು ದೊರೆ ಕುದುರೆ ಹತ್ತಲು ರಿಕಾಪಿನಲ್ಲಿ ಕಾಲಿಡಹೋದರೆ ಸೂರಪ್ಪಯ್ಯ ಕೈಮುಗಿದು ಅಡ್ಡ ನಿಂತ.

“ಏಳು ಹೆಸರು, ಪ್ರಭು.”

ದೊರೆ ನಕ್ಕ. ಹೊಗಳುಭಟರು ದಿನಾ ಕೂಗುವುದು ಅದನ್ನೇ ತಾನೆ! “ತಂದೆ ಇಮ್ಮಡಿ ಕೆಂಚವೀರ, ಅವರ ತಂದೆ…”

“ತಂದೆಯ ಕಡೆ ಬೇಡ ಪ್ರಭು. ಕುದುರೆಗೆ ತಾಯಿಯ ಕಡೆಯ ಲೆಕ್ಕ. ಅದಕ್ಕೊಂದು ಅಳತೆ, ನಮಗೊಂದು ಅಳತೆ ಮಾಡಿದರೆ ಅರಬ್ಬೀ ಸಾಹುಕಾರರು ಏನಂದುಕೊಂಡಾರು?”

ಹಬ್ಬಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅರಬ್ಬೀ ವರ್ತಕ ಗಂಭೀರವಾಗಿ ತಲೆಯಾಡಿಸಿದ.

“ತಾಯಿ ಹೊನ್ನಾಂಬೆ. ಅವರ ತಾಯಿ…” ದೊರೆ ದನಿ ಇಳಿಸಿ, “ಅಜ್ಜಿಯನ್ನು ನಾವು ಅಜ್ಜಿ ಅಂತಲೇ ಕರೀತಿದ್ವಿ ಕಣೋ” ಎಂದ.

“ಮುತ್ತಜ್ಜಿ?”

ದೊರೆ ಪುರೋಹಿತರತ್ತ ನೋಡಿದ. ಅವರು ಆಕಾಶ ನೋಡಿದರು. ಅವರಿಗೂ ತಮ್ಮ ಮುತ್ತಜ್ಜಿಯ ಹೆಸರು ನೆನಪಾಗುತ್ತಿರಲಿಲ್ಲ.

ಊರಿಗೆ ಊರೇ ಕಾಯುತ್ತಿತ್ತು. ದೊರೆಗೆ ಸಿಟ್ಟು ಬಂತು. “ಹಾಗಾದರೆ ಇದರ ಮೇಲೆ ಕೂರುವವರು ಯಾರಯ್ಯಾ?”

“ನಿಯಮದ ಪ್ರಕಾರ ಯಾರೂ ಇಲ್ಲ ಪ್ರಭು. ಇಡೀ ಊರಿನಲ್ಲಿ ಏಳು ತಲೆಮಾರು ದಾಟಿದ್ದು ಇದೊಂದೇ. ಹಾಗಾಗಿ ಇದೇ ನಮ್ಮ ಮೇಲೆ ಕೂರಬೇಕು. ತಾವು ಒಂಚೂರು ಬಗ್ಗಿದರೆ ಮೆರವಣಿಗೆ ಹೊರಡಿಸೋಣ.”

ದೊರೆ ಕಣ್ಣು ಕೆಂಪಗೆ ಮಾಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಶಾಲನ್ನೇ ತೆಗೆದು ಸೂರಪ್ಪಯ್ಯನಿಗೆ ಹೊದಿಸಿ, “ನಿಯಮ ರದ್ದು! ದ್ಯಾವಣ್ಣನನ್ನು ಕರೀರೋ!” ಎಂದ.

ಗಂಟುಮೂಟೆ ಹೊತ್ತೇ ಓಡಿಬಂದ ದ್ಯಾವಣ್ಣ. ಹದಿನಾಲ್ಕು ತಲೆಮಾರಿನ ಕುದುರೆ ಅವನ ಗಂಟಿಗೆ ಮೂತಿ ಹಾಕಿ ಹುರುಳಿ ಹುಡುಕತೊಡಗಿತು. ಅವನ ಅಪ್ಪ ಯಾರೆಂದು ಅದು ಕೇಳಲಿಲ್ಲ.