ಸುಣ್ಣ ಬಳಿಯುವವನು ಓದಿದ್ದು

"ಬುದ್ಧಿ, ಬರೆದವನು ನಾನಲ್ಲ, ಹಿಡಿದೊಯ್ದವನೂ ನಾನಲ್ಲ. ಬರೀ ಅಳಿಸಿದವನಿಗೂ ಪಾಪ ಅಂಟುತ್ತದೆಯೇ?" ಎಂದು ನಿಜಗುಣ ಗುರುಗಳನ್ನು ಕೇಳಿದ.

ಅವನು ಮಠದ ಹಳೆಯ ಶಿಷ್ಯ. ಅಂತರ್ಜಾಲದಲ್ಲಿ ಸರ್ಕಾರಕ್ಕೆ ಹಿಡಿಸದ ಬರಹಗಳನ್ನು ಹುಡುಕಿ ಅಳಿಸುವ ಕಚೇರಿಯಲ್ಲಿ ಅವನಿಗೆ ಕೆಲಸ. ಬಂದಿಗಳ ಪರವಾಗಿ ವಾದಿಸುತ್ತಿದ್ದ ವಕೀಲರೊಬ್ಬರು ನಾಲ್ಕು ದಿನದಿಂದ ಕಾಣೆಯಾಗಿದ್ದರು. ಪೊಲೀಸರು ನಾವು ಕಂಡೇ ಇಲ್ಲ ಎನ್ನುತ್ತಿದ್ದರು; ವಕೀಲರ ಹೆಂಡತಿ ಕೋರ್ಟಿಗೆ ಹೋಗಿದ್ದರು. ಅವರನ್ನು ಒಯ್ದದ್ದು ಯಾವ ಜೀಪು, ಯಾವ ಠಾಣೆಗೆ ಎಂದು ಯಾರೋ ಬರೆದು ಹಾಕಿದ್ದನ್ನು ನಿಜಗುಣ ಅಳಿಸಿದ್ದ. ಅಂದಿನಿಂದ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಗುರುಗಳು ಕತೆ ಹೇಳಿದರು.

ಒಂದು ಊರಿನ ಚಾವಡಿಗೆ ಉದ್ದನೆಯ ಗೋಡೆ. ಕಂಡದ್ದು ಕೇಳಿದ್ದನ್ನೆಲ್ಲ ಜನ ಅದರ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ರಾಜ ಒಬ್ಬ ಸುಣ್ಣ ಬಳಿಯುವವನನ್ನು ನೇಮಿಸಿದ. "ರಾಗಿಯ ಧಾರಣೆ ಇರಲಿ, ತಪ್ಪಿಸಿಕೊಂಡ ಹಸುವಿನ ಸುದ್ದಿ ಇರಲಿ. ಅರಮನೆಗೆ ಮುಜುಗರ ತರುವುದನ್ನು ಮಾತ್ರ ಅಳಿಸು" ಎಂದ. ಆರಿಸಿ ಅಳಿಸಬೇಕಲ್ಲ, ಅದಕ್ಕೆ ಓದು ಬಲ್ಲವನನ್ನೇ ಹುಡುಕಿ ತಂದಿದ್ದ. ಹೀಗೆ ಊರಿಗೇ ತಿಳಿಯದ್ದು ಅವನೊಬ್ಬನಿಗೆ ತಿಳಿಯುತ್ತಿತ್ತು. ಮಹಾನುಭಾವ, ಮನೆಗೆ ಬಂದು ಕೈ ತೊಳೆದುಕೊಂಡು ಸುಮ್ಮನಿರುತ್ತಿದ್ದ.

ಸೆರೆಯವರ ಪರ ಮಾತಾಡುತ್ತಿದ್ದ ವಕೀಲನೊಬ್ಬ ಒಂದು ದಿನ ಕಾಣೆಯಾದ. ಅವನು ಕೋಟೆಯ ನೆಲಮಾಳಿಗೆಯಲ್ಲಿದ್ದಾನೆ ಎಂದು ಯಾರೋ ಗೋಡೆಗೆ ಬರೆದರು. ಜನ ಏಳುವ ಮೊದಲೇ ಗೋಡೆ ಬೆಳ್ಳಗಾಯಿತು.

ಆ ರಾಜ್ಯದಲ್ಲೊಂದು ಪದ್ಧತಿ. ಕಾಣೆಯಾದವನ ಹೆಸರನ್ನು ಮನೆಯವರು ಸಭೆಯಲ್ಲಿ ಮೂರು ಸಲ ಕೂಗಬೇಕು. ನೆರೆದವರಲ್ಲಿ ಒಬ್ಬನಾದರೂ "ಅವನಿರುವ ಜಾಗ ನಾನು ಬಲ್ಲೆ" ಎಂದರೆ ರಾಜ ಕಾಣೆಯಾದವನನ್ನು ತಂದು ನಿಲ್ಲಿಸಲೇಬೇಕು. ಯಾರೂ ಅನ್ನದಿದ್ದರೆ ಅಂಥವನೊಬ್ಬ ಹುಟ್ಟಿಯೇ ಇಲ್ಲ ಎಂದು ಸಾರಿಬಿಡುತ್ತಿದ್ದರು.

ವಕೀಲನ ಹೆಂಡತಿ ಬಂದು ಕೂಗಿದಳು. ಸಭೆ ಸುಮ್ಮನಿತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡನೆಯ ಸಲ ಕೂಗಿದಳು. ಗೊತ್ತಿದ್ದವನು ಕಂಬದ ಹಿಂದಕ್ಕೆ ಸರಿದ. ಬಾಯಿ ತೆರೆದರೆ ನಾಳೆ ತಾನೂ ಕಾಣೆ, ಗೋಡೆಯ ಮೇಲೆ ತನ್ನ ಹೆಸರು. ಅದನ್ನು ಅಳಿಸಲು ಇನ್ನೊಬ್ಬ ಬರುತ್ತಾನೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿಜಗುಣನಿಗೆ ತಡೆಯಲಾಗಲಿಲ್ಲ. "ಮೂರನೆಯ ಸಲ ಕೂಗಿದಾಗಲಾದರೂ ಅವನು ಹೇಳಿದನೇ, ಬುದ್ಧಿ?"

"ಅವಳು ಮೂರನೆಯ ಸಲ ಕೂಗುತ್ತಿರುವುದು ಈಗ, ಕೋರ್ಟಿನಲ್ಲಿ, ನಿಜಗುಣ. ನೀನೋ ಇಲ್ಲಿ ಕೂತಿದ್ದೀಯಲ್ಲ."